ರಿಯಾಕ್ಟ್‌ಗೆ ಜಾಂಗೊ ಒಗ್ಗುವುದೇ? ಫ್ರಂಟ್‌ಎಂಡ್ ಮತ್ತು ಸರ್ವರ್ ನಡುವಿನ ಜೋಡಣೆಯ ಕುರಿತು

ಪ್ರಶ್ನೆ: ರಿಯಾಕ್ಟ್‌ನಲ್ಲಿ ಪುಟಗಳನ್ನು ಕಟ್ಟಲು ಕಲಿತಿದ್ದೇನೆ, ಜಾಂಗೊ ಬಳಸಿ ಸರ್ವರ್ ಬರೆಯುವುದೂ ತಕ್ಕಮಟ್ಟಿಗೆ ಗೊತ್ತು. ಗ್ರಂಥಾಲಯದ ಪುಸ್ತಕಗಳ ಎರವಲು ಲೆಕ್ಕವಿಡುವ ಒಂದು ವೆಬ್‌ಸೈಟ್ ಮಾಡಲು ಹೊರಟಿದ್ದೇನೆ. ಬೇರೆ ಬೇರೆಯಾಗಿ ಎರಡೂ ಚೆನ್ನಾಗಿಯೇ ಓಡುತ್ತವೆ, ಆದರೆ ಜೋಡಿಸಿದ ಕೂಡಲೇ ಬ್ರೌಸರ್ ‘ಕಾರ್ಸ್’ ದೋಷ ತೋರಿಸುತ್ತದೆ; ಹೇಗೋ ಅದನ್ನು ದಾಟಿದರೆ ಲಾಗಿನ್ ಉಳಿಯುವುದಿಲ್ಲ. ಮುಂದೆ ಇದೇ ಸರ್ವರ್‌ಗೆ ಫ್ಲಟರ್‌ನಲ್ಲಿ ಬರೆದ ಮೊಬೈಲ್ ಆ್ಯಪ್ ಕೂಡ ಸೇರಬೇಕಿದೆ. ರಿಯಾಕ್ಟ್ ಜೊತೆಗೆ, ಜಾವಾಸ್ಕ್ರಿಪ್ಟನ್ನು ಬ್ರೌಸರ್‌ನ ಹೊರಗೂ ಓಡಿಸುವ ನೋಡ್ ಮಾತ್ರ ಸರಿಹೊಂದುತ್ತದೆ ಎಂದು ಕೆಲವರು ಹೇಳುತ್ತಾರೆ. ಸರ್ವರನ್ನು ಬದಲಿಸಬೇಕೆ? ಎಲ್ಲ ಕೋಡನ್ನೂ ಒಂದೇ ರೆಪಾಸಿಟರಿಯಲ್ಲಿ ಇಡಬೇಕೆ, ಬೇರೆ ಬೇರೆ ಇಡಬೇಕೆ?

ಉತ್ತರ: ಸರ್ವರನ್ನು ಬದಲಿಸುವ ಅಗತ್ಯವಿಲ್ಲ. ರಿಯಾಕ್ಟ್‌ಗೆ ನೋಡ್ ಮಾತ್ರ ಒಗ್ಗುತ್ತದೆ ಎಂಬ ಮಾತು ಒಂದು ಅರೆಸತ್ಯದಿಂದ ಹುಟ್ಟಿದ್ದು. ರಿಯಾಕ್ಟ್ ಕೋಡನ್ನು ಬ್ರೌಸರ್‌ಗೆ ಅರ್ಥವಾಗುವ ಕಡತಗಳಾಗಿ ಕಟ್ಟಿಕೊಡುವ ವೀಟ್‌ನಂಥ ಸಲಕರಣೆಗಳು ನೋಡ್ ಮೇಲೆ ಓಡುತ್ತವೆ, ಆದ್ದರಿಂದ ನಿಮ್ಮ ಕಂಪ್ಯೂಟರ್‌ನಲ್ಲಿ ನೋಡ್ ಇರಲೇಬೇಕು. ಆದರೆ ಕಟ್ಟುವ ಕೆಲಸ ಮುಗಿದ ಮೇಲೆ ಕೈಗೆ ಸಿಗುವುದು ಒಂದು ಎಚ್‌ಟಿಎಂಎಲ್ ಕಡತ, ಕೆಲವು ಜಾವಾಸ್ಕ್ರಿಪ್ಟ್ ಮತ್ತು ಸಿಎಸ್‌ಎಸ್ ಕಡತಗಳು, ಅಷ್ಟೇ. ಅವುಗಳನ್ನು ಯಾವ ಸರ್ವರ್ ಬೇಕಾದರೂ ಹಂಚಬಹುದು. ಬ್ರೌಸರ್‌ನಲ್ಲಿ ತೆರೆದುಕೊಂಡ ಮೇಲೆ ಆ ಜಾವಾಸ್ಕ್ರಿಪ್ಟ್ ಎಚ್‌ಟಿಟಿಪಿ ಮೂಲಕ ಕೋರಿಕೆ ಕಳುಹಿಸುತ್ತದೆ, ಜೇಸನ್ ಎಂಬ ಪಠ್ಯರೂಪದಲ್ಲಿ ಉತ್ತರ ಪಡೆಯುತ್ತದೆ. ಅತ್ತ ಕಡೆ ಕುಳಿತಿರುವುದು ಪೈಥಾನೋ ಜಾವಾವೋ ಗೋ ಭಾಷೆಯೋ ಎಂಬುದು ಅದಕ್ಕೆ ತಿಳಿಯುವುದೂ ಇಲ್ಲ, ತಿಳಿಯಬೇಕಾಗಿಯೂ ಇಲ್ಲ. ಹಾಗಾಗಿ ಎರಡು ಫ್ರೇಮ್‌ವರ್ಕ್‌ಗಳನ್ನು ‘ಸೇರಿಸುವುದು’ ಎಂಬ ಕೆಲಸವೇ ನಿಜದಲ್ಲಿ ಇಲ್ಲ. ಇರುವುದು ಎರಡು ಸ್ವತಂತ್ರ ಪ್ರೋಗ್ರಾಂಗಳು, ಮತ್ತು ಅವುಗಳ ನಡುವಿನ ಮಾತುಕತೆಯ ಒಪ್ಪಂದ. ನಿಮ್ಮ ಶ್ರಮವೆಲ್ಲ ಹೋಗಬೇಕಾದದ್ದು ಆ ಒಪ್ಪಂದಕ್ಕೆ.

ನಿಮ್ಮ ತೊಂದರೆಗಳಿಗೆ ಒಂದು ಹಿನ್ನೆಲೆಯೂ ಇದೆ. ಜಾಂಗೊ ಸಾರ್ವಜನಿಕವಾಗಿ ಬಿಡುಗಡೆಯಾದದ್ದು 2005ರಲ್ಲಿ. ಆ ಕಾಲದಲ್ಲಿ ಪುಟ ಪೂರ್ತಿಯಾಗಿ ಸರ್ವರ್‌ನಲ್ಲೇ ಸಿದ್ಧವಾಗಿ ಬರುತ್ತಿತ್ತು. ಪುಟವನ್ನು ಕೊಟ್ಟವನೂ ಫಾರ್ಮನ್ನು ಸ್ವೀಕರಿಸುವವನೂ ಒಬ್ಬನೇ. ಪುಟವನ್ನು ಮರುಲೋಡ್ ಮಾಡದೆ ಹಿನ್ನೆಲೆಯಲ್ಲಿ ದತ್ತಾಂಶ ತರುವ ವಿಧಾನಕ್ಕೆ ‘ಏಜಾಕ್ಸ್’ ಎಂಬ ಹೆಸರು ಬಿದ್ದದ್ದೂ ಅದೇ ವರ್ಷ. ರಿಯಾಕ್ಟ್ ಬಂದದ್ದು 2013ರಲ್ಲಿ, ಪುಟ ಕಟ್ಟುವ ಹೊಣೆ ಬ್ರೌಸರ್‌ಗೆ ವರ್ಗವಾಗುತ್ತಿದ್ದ ಹೊತ್ತಿನಲ್ಲಿ. ಜಾಂಗೊದ ಸೆಷನ್ (ಲಾಗಿನ್ ಆದವರ ಬಗ್ಗೆ ಸರ್ವರ್ ಇಟ್ಟುಕೊಳ್ಳುವ ನೆನಪು), ಕುಕಿ (ಬ್ರೌಸರ್ ಉಳಿಸಿಕೊಂಡು ಅದೇ ಸರ್ವರ್‌ಗೆ ಮರಳಿಸುವ ಪುಟ್ಟ ಗುರುತು), ಫಾರ್ಮ್ ರಕ್ಷಣೆ ಎಲ್ಲವೂ ‘ಪುಟವೂ ದತ್ತಾಂಶವೂ ಒಂದೇ ವಿಳಾಸದಿಂದ ಬರುತ್ತವೆ’ ಎಂಬ ಹಳೆಯ ನಂಬಿಕೆಯ ಮೇಲೆ ನಿಂತಿವೆ. ನೀವು ಆ ನಂಬಿಕೆಯನ್ನು ಮುರಿದಿದ್ದೀರಿ, ಅದು ದೂರುತ್ತಿದೆ. ಅದರ ದೂರು ನ್ಯಾಯವಾದದ್ದೇ.

ಈಗ ಕಾರ್ಸ್ ದೋಷಕ್ಕೆ ಬರೋಣ. ಬ್ರೌಸರ್‌ನ ಲೆಕ್ಕದಲ್ಲಿ ಒಂದು ‘ಆರಿಜಿನ್’ ಎಂದರೆ ಮೂರು ಸಂಗತಿಗಳ ಕೂಡಿಕೆ: ಪ್ರೋಟೊಕಾಲ್, ಹೋಸ್ಟ್ ಹೆಸರು ಮತ್ತು ಪೋರ್ಟ್ ಸಂಖ್ಯೆ. ವೀಟ್ ತಾನಾಗಿಯೇ 5173ನೇ ಪೋರ್ಟಿನಲ್ಲಿ ನಿಲ್ಲುತ್ತದೆ, ಜಾಂಗೊ 8000ದಲ್ಲಿ. ಪೋರ್ಟ್ ಬೇರೆಯಾದ್ದರಿಂದ ಇವೆರಡೂ ಬ್ರೌಸರ್‌ನ ಕಣ್ಣಿಗೆ ಪರಸ್ಪರ ಅಪರಿಚಿತರು. ಅಪರಿಚಿತ ಆರಿಜಿನ್‌ನಿಂದ ಬಂದ ಉತ್ತರವನ್ನು ಓದಲು, ಆ ಸರ್ವರ್ ಹೆಡರ್ (ಉತ್ತರದ ಜೊತೆಗೆ ಬರುವ ವಿವರಸಾಲು) ಮೂಲಕ ಸ್ಪಷ್ಟವಾಗಿ ಒಪ್ಪಿಗೆ ಕೊಡದ ಹೊರತು, ಬ್ರೌಸರ್ ನಿಮ್ಮ ಜಾವಾಸ್ಕ್ರಿಪ್ಟ್‌ಗೆ ಬಿಡುವುದಿಲ್ಲ. ಇಲ್ಲಿ ಬಹಳ ಮಂದಿ ತಪ್ಪು ತಿಳಿಯುವ ಒಂದು ಅಂಶವಿದೆ. ಸರಳವಾದ ಕೋರಿಕೆಗಳಲ್ಲಿ ಸರ್ವರ್‌ಗೆ ಕೋರಿಕೆ ತಲುಪಿರುತ್ತದೆ, ಸರ್ವರ್ ಉತ್ತರವನ್ನೂ ಕೊಟ್ಟಿರುತ್ತದೆ, ತಡೆಹಿಡಿದಿರುವುದು ಬ್ರೌಸರ್. ಜೇಸನ್ ಕಳುಹಿಸುವ ಪೋಸ್ಟ್‌ನಂಥ ಕೋರಿಕೆಗಳಲ್ಲಿ ಬ್ರೌಸರ್ ಮೊದಲು ‘ಆಪ್ಷನ್ಸ್’ ಎಂಬ ವಿಧಾನದಲ್ಲಿ ಅನುಮತಿ ಕೇಳುತ್ತದೆ, ಅದು ಸಿಗದಿದ್ದರೆ ನಿಜವಾದ ಕೋರಿಕೆಯನ್ನು ಕಳುಹಿಸುವುದೇ ಇಲ್ಲ. ಪೋಸ್ಟ್‌ಮ್ಯಾನ್‌ನಂಥ ಪರೀಕ್ಷಾ ಸಾಧನದಲ್ಲಿ ಎಲ್ಲವೂ ಸರಿಯಾಗಿ ನಡೆದು ಬ್ರೌಸರ್‌ನಲ್ಲಿ ಮಾತ್ರ ಕೈಕೊಡುವುದು ಇದರಿಂದಲೇ. ಆ ಸಾಧನ ಬ್ರೌಸರ್ ಅಲ್ಲ, ಅದಕ್ಕೆ ಈ ಕಟ್ಟಳೆ ಇಲ್ಲ. ನಾಳೆ ನಿಮ್ಮ ಫ್ಲಟರ್ ಆ್ಯಪ್ ಫೋನಿನಲ್ಲಿ ಓಡುವಾಗಲೂ ಕಾರ್ಸ್ ಎಂಬುದು ಎದುರಾಗುವುದಿಲ್ಲ. ಅದೇ ಫ್ಲಟರ್ ಕೋಡನ್ನು ವೆಬ್‌ಗಾಗಿ ಕಟ್ಟಿದರೆ ಎದುರಾಗುತ್ತದೆ.

ಇದಕ್ಕೆ ಎಲ್ಲೆಡೆ ಸಿಗುವ ಮದ್ದು, ಎಲ್ಲ ಆರಿಜಿನ್‌ಗಳಿಗೂ ಅನುಮತಿ ಕೊಡುವ ನಕ್ಷತ್ರ ಚಿಹ್ನೆಯನ್ನು ಹೆಡರ್‌ನಲ್ಲಿ ಹಾಕುವುದು. ನೀವು ದೋಷವನ್ನು ‘ಹೇಗೋ ದಾಟಿದ್ದು’ ಇದೇ ಹಾದಿಯಲ್ಲಿ ಎಂದು ಊಹಿಸುತ್ತೇನೆ, ಏಕೆಂದರೆ ಲಾಗಿನ್ ಉಳಿಯದಿರುವುದು ಅದರ ಮುಂದಿನ ಮಜಲು. ಬೇರೆ ಆರಿಜಿನ್‌ಗೆ ಹೋಗುವ ಕೋರಿಕೆಯಲ್ಲಿ ಬ್ರೌಸರ್ ತಾನಾಗಿ ಕುಕಿಯನ್ನು ಒಯ್ಯುವುದಿಲ್ಲ, ಅದನ್ನು ಕೋಡ್‌ನಲ್ಲಿ ಕೇಳಿಕೊಳ್ಳಬೇಕು. ಕೇಳಿಕೊಂಡ ಕ್ಷಣದಿಂದ ನಕ್ಷತ್ರ ಚಿಹ್ನೆಯ ಅನುಮತಿ ಅಸಿಂಧುವಾಗುತ್ತದೆ, ಆರಿಜಿನ್‌ನ ಹೆಸರನ್ನು ಬಿಡಿಸಿ ಬರೆಯಲೇಬೇಕು. ಇನ್ನೊಂದು ಗುಪ್ತ ಬಲೆಯೂ ಇದೆ. ಜಾಂಗೊ ಶುರುವಾಗುವಾಗ 127.0.0.1 ಎಂಬ ವಿಳಾಸವನ್ನು ತೋರಿಸುತ್ತದೆ, ವೀಟ್ ‘ಲೋಕಲ್‌ಹೋಸ್ಟ್’ ಎಂದು ತೋರಿಸುತ್ತದೆ. ಎರಡೂ ನಿಮ್ಮದೇ ಯಂತ್ರ ಎಂಬುದು ನಿಮಗೆ ಗೊತ್ತು, ಆದರೆ ಬ್ರೌಸರ್‌ಗೆ ಅವು ಎರಡು ಬೇರೆ ಸೈಟ್‌ಗಳು. ಜಾಂಗೊದ ಸೆಷನ್ ಕುಕಿ, ನೀವು ಬೇರೆ ಹೇಳದಿದ್ದರೆ, ತಾನಾಗಿಯೇ ‘ಲ್ಯಾಕ್ಸ್’ ಎಂಬ ಸೇಮ್‌ಸೈಟ್ ಗುಣವನ್ನು ಹೊತ್ತಿರುತ್ತದೆ. ಹಾಗೆಂದರೆ ಬೇರೆ ಸೈಟ್‌ನ ಪುಟದೊಳಗಿನ ಜಾವಾಸ್ಕ್ರಿಪ್ಟ್ ಕಳುಹಿಸುವ ಕೋರಿಕೆಯ ಜೊತೆ ಅದು ಹೋಗದು. ಎರಡು ಟರ್ಮಿನಲ್‌ಗಳಿಂದ ಎರಡು ವಿಳಾಸಗಳನ್ನು ಹಾಗೆಯೇ ನಕಲು ಮಾಡಿಕೊಂಡವರು ದಿನಗಟ್ಟಲೆ ಲಾಗಿನ್ ಕೋಡಿನಲ್ಲಿ ಇಲ್ಲದ ದೋಷವನ್ನು ಹುಡುಕುವುದನ್ನು ನೋಡಿದ್ದೇನೆ. ಆ ಸಾಲಿನಲ್ಲಿ ಒಮ್ಮೆ ನಾನೂ ಇದ್ದೆ.

ನನ್ನ ಸಲಹೆ ಕಾರ್ಸ್ ಹೆಡರ್‌ಗಳನ್ನು ಸರಿಪಡಿಸುವುದಲ್ಲ, ಅವುಗಳ ಅಗತ್ಯವೇ ಬೀಳದಂತೆ ಮಾಡುವುದು. ವೆಬ್ ಭಾಗ ಮತ್ತು ಎಪಿಐ (ದತ್ತಾಂಶ ಕೊಡುವ ಸರ್ವರ್‌ನ ವಿಳಾಸಗಳು) ಎರಡನ್ನೂ ಒಂದೇ ಆರಿಜಿನ್‌ನಡಿ ತನ್ನಿ. ಅಭಿವೃದ್ಧಿಯ ಹಂತದಲ್ಲಿ ವೀಟ್‌ನ ಪ್ರಾಕ್ಸಿ ಸೌಲಭ್ಯಕ್ಕೆ, ‘ಎಪಿಐ’ ಎಂಬ ಪೂರ್ವಪದದಿಂದ ಶುರುವಾಗುವ ಪ್ರತಿ ಕೋರಿಕೆಯನ್ನೂ ಜಾಂಗೊಗೆ ದಾಟಿಸು ಎಂದು ಹೇಳಿದರೆ ಸಾಕು. ಬ್ರೌಸರ್ ಕಾಣುವುದು 5173ನ್ನು ಮಾತ್ರ. ಆ ಪ್ರಾಕ್ಸಿ ಹೋಸ್ಟ್ ಹೆಡರನ್ನು ಬದಲಿಸುವಂತೆ ಹೊಂದಿಸಿದ್ದರೆ ಜಾಂಗೊ ಪೋಸ್ಟ್ ಕೋರಿಕೆಗಳಿಗೆ 403 ಎಂಬ ನಿರಾಕರಣೆಯ ಸಂಕೇತ ಕೊಡಬಹುದು. ಆಗ ವೀಟ್‌ನ ವಿಳಾಸವನ್ನು ಜಾಂಗೊದ ನಂಬಿಕಸ್ಥ ಆರಿಜಿನ್‌ಗಳ ಪಟ್ಟಿಗೆ ಸೇರಿಸಿ. ಬಳಕೆಗೆ ಬಿಟ್ಟಾಗ ಎಂಜಿನ್‌ಎಕ್ಸ್‌ನಂಥ ರಿವರ್ಸ್ ಪ್ರಾಕ್ಸಿ ಇದೇ ಪಾತ್ರವನ್ನು ವಹಿಸುತ್ತದೆ: ಎಪಿಐ ಹಾದಿಯ ಕೋರಿಕೆಗಳು ಜಾಂಗೊಗೆ, ಉಳಿದದ್ದು ಕಟ್ಟಿಟ್ಟ ಕಡತಗಳಿಗೆ.

ಇಲ್ಲಿ ಒಂದು ಎಚ್ಚರಿಕೆ. ವಿಳಾಸಕ್ಕೆ ತಕ್ಕ ಪುಟವನ್ನು ಬ್ರೌಸರ್‌ನಲ್ಲೇ ತೋರಿಸುವ ರಿಯಾಕ್ಟ್ ರೂಟರ್ ಬಳಸುವವರು, ಕಡತ ಸಿಗದ ಯಾವುದೇ ವಿಳಾಸಕ್ಕೂ ಮುಖ್ಯ ಎಚ್‌ಟಿಎಂಎಲ್ ಪುಟವನ್ನೇ ಕೊಡುವಂತೆ ಪ್ರಾಕ್ಸಿಯನ್ನು ಹೊಂದಿಸುತ್ತಾರೆ. ಹಾಗೆ ಮಾಡದಿದ್ದರೆ ಬಳಕೆದಾರರು ಒಳಪುಟದಲ್ಲಿ ರಿಫ್ರೆಶ್ ಒತ್ತಿದ ಕೂಡಲೇ 404 ಬರುತ್ತದೆ. ಆದರೆ ಎಪಿಐ ವಿಳಾಸದಲ್ಲಿ ಒಂದಕ್ಷರ ತಪ್ಪಿದರೂ ಅದು ಈ ಬಲೆಗೆ ಬಿದ್ದು, 200 ಎಂಬ ಯಶಸ್ಸಿನ ಸಂಕೇತದೊಡನೆ ಎಚ್‌ಟಿಎಂಎಲ್ ಪುಟ ಬರುತ್ತದೆ. ಜೇಸನ್ ನಿರೀಕ್ಷಿಸಿದ್ದ ನಿಮ್ಮ ಕೋಡ್ ಮೊದಲ ಕೋನಾವರಣದಲ್ಲೇ (<) ಎಡವಿ ಬೀಳುತ್ತದೆ. ಆ ದೋಷ ಕಂಡರೆ ಜೇಸನ್ ಓದುವ ಕೋಡನ್ನು ತಡಕಬೇಡಿ, ವಿಳಾಸವನ್ನು ನೋಡಿ. ಜಾಂಗೊದ ವಿಳಾಸಗಳ ಕೊನೆಯ ಓರೆಗೆರೆಯೂ (/) ಇಂಥದ್ದೇ ಕಿರುಕುಳ ಕೊಡುತ್ತದೆ: ಅದನ್ನು ಮರೆತ ಪೋಸ್ಟ್ ಕೋರಿಕೆಯನ್ನು ಜಾಂಗೊ, ಬಳಕೆಗೆ ಬಿಟ್ಟ ಸರ್ವರ್‌ನಲ್ಲಿ, 301 ಕೊಟ್ಟು ಸರಿಯಾದ ವಿಳಾಸಕ್ಕೆ ಕಳುಹಿಸುತ್ತದೆ, ಬ್ರೌಸರ್ ಆ ತಿರುವಿನಲ್ಲಿ ದತ್ತಾಂಶ ಕಳುಹಿಸುವ ಪೋಸ್ಟನ್ನು ದತ್ತಾಂಶ ಕೇಳುವ ಗೆಟ್ ಆಗಿ ಬದಲಿಸಿಬಿಡುತ್ತದೆ, ಕಳುಹಿಸಿದ ದತ್ತಾಂಶ ಸದ್ದಿಲ್ಲದೆ ಕಳೆದುಹೋಗುತ್ತದೆ.

ಲಾಗಿನ್ ವಿಷಯದಲ್ಲಿ ವೆಬ್ ಮತ್ತು ಮೊಬೈಲ್‌ಗಳನ್ನು ಒಂದೇ ಅಚ್ಚಿಗೆ ಹಾಕಬೇಡಿ. ಒಂದೇ ಆರಿಜಿನ್‌ನಲ್ಲಿರುವ ವೆಬ್‌ಗೆ ಜಾಂಗೊದ ಹಳೆಯ ಸೆಷನ್ ಕುಕಿಗಿಂತ ಉತ್ತಮವಾದದ್ದು ನನಗೆ ಕಾಣುವುದಿಲ್ಲ. ಅದಕ್ಕೆ ‘ಎಚ್‌ಟಿಟಿಪಿ ಓನ್ಲಿ’ ಗುಣವಿರುವುದರಿಂದ ಪುಟದೊಳಗೆ ನುಸುಳಿದ ಕೆಟ್ಟ ಸ್ಕ್ರಿಪ್ಟ್ ಅದನ್ನು ಓದಿ ಹೊರಗೆ ಸಾಗಿಸಲಾರದು. ಬಳಕೆದಾರರನ್ನು ಹೊರಹಾಕಬೇಕಾದರೆ ಸರ್ವರ್‌ನಲ್ಲಿ ಒಂದು ಸೆಷನ್ ಅಳಿಸಿದರಾಯಿತು. ಅನೇಕ ಪಾಠಗಳು ಇದರ ಬದಲು ಜೆಡಬ್ಲ್ಯೂಟಿ ಎಂಬ, ಸರ್ವರ್ ಸಹಿ ಮಾಡಿದ ಟೋಕನ್ ಪಡೆದು ಬ್ರೌಸರ್‌ನ ಲೋಕಲ್ ಸ್ಟೋರೇಜ್‌ನಲ್ಲಿ ಇಡಲು ಕಲಿಸುತ್ತವೆ. ಅಲ್ಲಿಟ್ಟ ಟೋಕನನ್ನು ಆ ಪುಟದಲ್ಲಿ ಓಡುವ ಯಾವುದೇ ಸ್ಕ್ರಿಪ್ಟ್ ಓದಬಲ್ಲದು, ನೀವು ಸೇರಿಸಿಕೊಂಡ ಯಾವುದೋ ಹೊರಗಿನ ಲೈಬ್ರರಿಯೂ ಸೇರಿ. ಜೊತೆಗೆ, ಸಹಿ ಮಾಡಿ ಕೊಟ್ಟ ಟೋಕನ್ ತನ್ನ ಅವಧಿ ಮುಗಿಯುವವರೆಗೂ ಸಿಂಧುವಾಗಿಯೇ ಇರುತ್ತದೆ. ಅದನ್ನು ನಡುವೆಯೇ ರದ್ದುಪಡಿಸಲು ಸರ್ವರ್‌ನಲ್ಲಿ ಪಟ್ಟಿಯೊಂದನ್ನು ಇಟ್ಟುಕೊಂಡರೆ, ಯಾವ ಅನುಕೂಲಕ್ಕಾಗಿ ಟೋಕನ್ ಆರಿಸಿಕೊಂಡಿರೋ ಅದೇ ಹೋಗುತ್ತದೆ. ಕುಕಿ ಬಳಸಿದಾಗ ಒಂದು ಹೊಣೆ ಹೆಚ್ಚಾಗುತ್ತದೆ, ಅದು ಸಿಎಸ್‌ಆರ್‌ಎಫ್ ರಕ್ಷಣೆ, ಅಂದರೆ ಬೇರೆ ಸೈಟೊಂದು ಬಳಕೆದಾರರ ಕುಕಿಯ ಬಲದಿಂದ ಕಳ್ಳ ಕೋರಿಕೆ ಕಳುಹಿಸದಂತೆ ತಡೆಯುವುದು. ಜಾಂಗೊ ಅದಕ್ಕಾಗಿ ಬೇರೊಂದು ಕುಕಿಯಲ್ಲಿ ಕೊಡುವ ಗುರುತನ್ನು, ದತ್ತಾಂಶ ಬದಲಿಸುವ ಪ್ರತಿ ಕೋರಿಕೆಯ ಹೆಡರ್‌ನಲ್ಲಿ ಹಿಂತಿರುಗಿಸಬೇಕು. ರಿಯಾಕ್ಟ್ ಕಡೆಯಲ್ಲಿ ಎಲ್ಲ ಕೋರಿಕೆಗಳೂ ಹಾದುಹೋಗುವ ಒಂದೇ ಒಂದು ಫಂಕ್ಷನ್ ಬರೆದು ಅದರಲ್ಲಿ ಇದನ್ನು ಸೇರಿಸಿ. ಆ ರಕ್ಷಣೆಯನ್ನೇ ತೆಗೆದುಹಾಕುವ ಅಡ್ಡದಾರಿ ಹಿಡಿಯಬೇಡಿ.

ಫೋನಿನ ಆ್ಯಪ್‌ಗೆ ಟೋಕನ್ ಸರಿಯಾದ ಆಯ್ಕೆ. ಅಲ್ಲಿ ಆಪರೇಟಿಂಗ್ ಸಿಸ್ಟಂ ಒದಗಿಸುವ ಭದ್ರ ಪೆಟ್ಟಿಗೆ ಇದೆ, ಐಒಎಸ್‌ನಲ್ಲಿ ಕೀಚೈನ್, ಆ್ಯಂಡ್ರಾಯ್ಡ್‌ನಲ್ಲಿ ಕೀಸ್ಟೋರ್. ಅಲ್ಪಾವಧಿಯ ಪ್ರವೇಶ ಟೋಕನ್ ಮತ್ತು ಅದನ್ನು ನವೀಕರಿಸುವ ದೀರ್ಘಾವಧಿಯ ಟೋಕನ್, ಹೀಗೆ ಎರಡನ್ನು ಕೊಟ್ಟು, ಎರಡನೆಯದನ್ನು ಸರ್ವರ್‌ನ ಡೇಟಾಬೇಸಿನಲ್ಲಿಯೂ ದಾಖಲಿಸಿ, ಫೋನ್ ಕಳೆದುಹೋದಾಗ ರದ್ದುಮಾಡಲು ಬರುವಂತಿರಲಿ. ಜಾಂಗೊದಲ್ಲಿ ಎಪಿಐ ಬರೆಯಲು ಬಳಸುವ ಜಾಂಗೊ ರೆಸ್ಟ್ ಫ್ರೇಮ್‌ವರ್ಕ್‌ನಲ್ಲಿ ಒಂದೇ ಎಪಿಐಗೆ ಎರಡು ಬಗೆಯ ದೃಢೀಕರಣವನ್ನು ಒಟ್ಟಿಗೆ ಹೊಂದಿಸಬಹುದು, ಆದ್ದರಿಂದ ಇದಕ್ಕಾಗಿ ಎಪಿಐಯನ್ನು ಎರಡಾಗಿ ಸೀಳಬೇಕಾಗಿಲ್ಲ. ಮೂರನೆಯವರ ಖಾತೆಯ ಮೂಲಕ ಲಾಗಿನ್ ಕೊಡುವುದಾದರೆ, ಅದಕ್ಕೆಂದೇ ಇರುವ ಓಆತ್ ಪದ್ಧತಿಯ ‘ಪಿಕ್ಸಿ’ ಎಂಬ ಹೆಚ್ಚುವರಿ ಭದ್ರತೆಯಿರುವ ಹರಿವನ್ನೇ ಬಳಸಿ. ಆ್ಯಪ್‌ನೊಳಗೆ ಹುದುಗಿಸಿಟ್ಟ ಗುಪ್ತ ಕೀಲಿ ಗುಪ್ತವಾಗಿ ಉಳಿಯುವುದಿಲ್ಲ, ಯಾರು ಬೇಕಾದರೂ ಆ್ಯಪ್ ಕಡತವನ್ನು ಬಿಚ್ಚಿ ನೋಡಬಹುದು. ರಿಯಾಕ್ಟ್ ಕಡತಗಳ ಮಟ್ಟಿಗೂ ಇದೇ ಮಾತು. ವೀಟ್‌ಗೆ ಪರಿಸರ ಚರಾಂಶವಾಗಿ ಕೊಟ್ಟು ಕೋಡಿನಲ್ಲಿ ಬಳಸಿದ್ದೆಲ್ಲ ಕಟ್ಟಿದ ಕಡತದಲ್ಲಿ ಪಠ್ಯವಾಗಿ ಬಿದ್ದಿರುತ್ತದೆ.

ಇನ್ನು ಒಪ್ಪಂದ. ನಿಮ್ಮ ಪ್ರಶ್ನೆಯಲ್ಲಿ ಇದರ ಬಗ್ಗೆ ಒಂದು ಮಾತೂ ಇಲ್ಲ, ನನಗೆ ಹೆಚ್ಚು ಹೇಳಬೇಕೆನಿಸುವುದು ಇದರ ಬಗ್ಗೆಯೇ. ಕೋಡ್ ಬರೆಯುವ ಮೊದಲು, ಯಾವ ವಿಳಾಸಕ್ಕೆ ಏನು ಕಳುಹಿಸಿದರೆ ಏನು ಬರುತ್ತದೆ ಎಂಬುದನ್ನು ಓಪನ್‌ಎಪಿಐ ರೂಪದ ಒಂದು ಕಡತದಲ್ಲಿ ಬರೆದಿಡಿ. ಹಿಂದೆ ಸ್ವಾಗರ್ ಎಂದು ಕರೆಯುತ್ತಿದ್ದ ಈ ವಿವರಣೆಯಿಂದ ವೆಬ್‌ಗೆ ಬಳಸುವ ಟೈಪ್‌ಸ್ಕ್ರಿಪ್ಟ್ ಮತ್ತು ಫ್ಲಟರ್‌ನ ಭಾಷೆಯಾದ ಡಾರ್ಟ್ ಎರಡಕ್ಕೂ ಟೈಪ್‌ಗಳನ್ನು ಯಂತ್ರವೇ ಬರೆದುಕೊಡುತ್ತದೆ. ಸರ್ವರ್‌ನಲ್ಲಿ ಒಂದು ಹೆಸರು ಬದಲಾದರೆ ಬಳಕೆದಾರರಿಗೆ ಗೊತ್ತಾಗುವ ಮುನ್ನ ನಿಮ್ಮ ಕಂಪೈಲರ್‌ಗೆ ಗೊತ್ತಾಗುತ್ತದೆ.

ಡೇಟಾಬೇಸಿನ ಕೋಷ್ಟಕವನ್ನು ಹಾಗೆಯೇ ಜೇಸನ್ ಮಾಡಿ ಹೊರಗೆ ಬಿಡಬೇಡಿ. ಹಾಗೆ ಮಾಡಿದರೆ ನಾಳೆ ಕೋಷ್ಟಕದ ಒಂದು ಅಂಕಣವನ್ನು ಮುಟ್ಟಲೂ ಎಲ್ಲ ಕ್ಲೈಂಟ್‌ಗಳ (ಸರ್ವರನ್ನು ಬಳಸುವ ವೆಬ್ ಪುಟ, ಆ್ಯಪ್‌ಗಳ) ಅನುಮತಿ ಬೇಕಾಗುತ್ತದೆ; ಹೊರಬರಬಾರದ ಅಂಕಣವೊಂದು ಯಾರ ಗಮನಕ್ಕೂ ಬಾರದೆ ಹೊರಬಂದಿರುವ ಸಾಧ್ಯತೆಯೂ ಇದೆ.

ಮೌಲ್ಯಗಳ ರೂಪದಲ್ಲಿ ಅಡಗಿರುವ ಕಂಟಕಗಳು ಇನ್ನೂ ಸೂಕ್ಷ್ಮ. ಜೇಸನ್‌ನ ಸಂಖ್ಯೆಗೆ ಗಾತ್ರದ ಮಿತಿ ಇಲ್ಲ, ಆದರೆ ಜಾವಾಸ್ಕ್ರಿಪ್ಟ್ ತನ್ನ ಸಾಮಾನ್ಯ ಸಂಖ್ಯೆಯಲ್ಲಿ ನಿಖರವಾಗಿ ಹಿಡಿದಿಡಬಲ್ಲ ಪೂರ್ಣಾಂಕ 9007199254740991ರವರೆಗೆ ಮಾತ್ರ. ಫೋನಿನಲ್ಲಿ ಓಡುವ ಡಾರ್ಟ್‌ಗೆ 64 ಬಿಟ್‌ಗಳ ಪೂರ್ಣಾಂಕವಿದೆ. ಹಾಗಾಗಿ ಸರ್ವರ್ ಬಹಳ ದೊಡ್ಡ ಗುರುತುಸಂಖ್ಯೆಗಳನ್ನು ಕೊಟ್ಟರೆ ಆ್ಯಪ್‌ನಲ್ಲಿ ಸರಿಯಾದ ಪುಸ್ತಕ ತೆರೆಯುತ್ತದೆ, ವೆಬ್‌ನಲ್ಲಿ ಕೊನೆಯ ಅಂಕಿಗಳು ಬದಲಾಗಿ ಬೇರೆ ಪುಸ್ತಕವೋ ಯಾವ ಪುಸ್ತಕವೂ ಇಲ್ಲವೋ ಆಗುತ್ತದೆ. 2010ರಲ್ಲಿ ಟ್ವಿಟರ್ ತನ್ನ ಎಪಿಐಯಲ್ಲಿ ಪ್ರತಿ ಗುರುತುಸಂಖ್ಯೆಯನ್ನು ಪಠ್ಯರೂಪದಲ್ಲೂ ಕೊಡತೊಡಗಿದ್ದು ಈ ಕಾರಣಕ್ಕೇ. ಗುರುತುಗಳನ್ನು ಮೊದಲಿನಿಂದಲೇ ಪಠ್ಯವಾಗಿ ಕೊಡುವುದು ವಾಸಿ, ಅವುಗಳ ಮೇಲೆ ಯಾರೂ ಕೂಡುವ ಕಳೆಯುವ ಲೆಕ್ಕ ಮಾಡುವುದಿಲ್ಲ. ತಡವಾಗಿ ಹಿಂದಿರುಗಿಸಿದ್ದಕ್ಕೆ ವಿಧಿಸುವ ದಂಡದ ಮೊತ್ತವನ್ನು ದಶಮಾಂಶದಲ್ಲಿ ಕಳುಹಿಸಬೇಡಿ. ನಾಣ್ಯದ ಅತಿ ಚಿಕ್ಕ ಘಟಕದ ಪೂರ್ಣಾಂಕವಾಗಿ ಕಳುಹಿಸಿ.

ದಿನಾಂಕದ ತೊಡಕು ನಿಮ್ಮ ಯೋಜನೆಯಲ್ಲಿ ಖಂಡಿತವಾಗಿ ಬರುತ್ತದೆ. ಪುಸ್ತಕವನ್ನು ಪಡೆದ ಕ್ಷಣ ಮತ್ತು ಹಿಂದಿರುಗಿಸಬೇಕಾದ ದಿನ ಒಂದೇ ಬಗೆಯ ಮೌಲ್ಯಗಳಲ್ಲ. ಮೊದಲನೆಯದು ಕಾಲದ ಒಂದು ಬಿಂದು, ಅದನ್ನು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ, ವಲಯದ ಗುರುತಿನೊಡನೆ ಕಳುಹಿಸಬೇಕು. ಎರಡನೆಯದು ಪಂಚಾಂಗದ ಒಂದು ದಿನ, ಅದಕ್ಕೆ ಗಂಟೆಯೂ ಇಲ್ಲ ವಲಯವೂ ಇಲ್ಲ. ಆದರೆ 2025-03-10 ಎಂಬ ಬರಿಯ ದಿನವನ್ನು ಜಾವಾಸ್ಕ್ರಿಪ್ಟ್‌ನ ಡೇಟ್ ವಸ್ತುವಿಗೆ ಕೊಟ್ಟರೆ ಅದು ಯುಟಿಸಿಯ ನಡುರಾತ್ರಿ ಎಂದು ಓದಿಕೊಳ್ಳುತ್ತದೆ, ಯುಟಿಸಿಗಿಂತ ಹಿಂದಿರುವ ವಲಯದ ಬಳಕೆದಾರರಿಗೆ 9ನೆಯ ತಾರೀಖನ್ನು ತೋರಿಸುತ್ತದೆ. ಒಂದು ದಿನ ಮೊದಲೇ ಗಡುವು ಮುಗಿದಂತೆ ಕಂಡವರ ದೂರು ನಿಮಗೆ ಬರುತ್ತದೆ, ನಿಮ್ಮ ಯಂತ್ರದಲ್ಲಿ ಅದು ಎಂದಿಗೂ ಮರುಕಳಿಸುವುದಿಲ್ಲ.

ದೋಷಗಳಿಗೂ ಒಪ್ಪಂದದಲ್ಲಿ ಜಾಗವಿರಲಿ. ಎಲ್ಲದಕ್ಕೂ 200 ಕೊಟ್ಟು ಒಳಗೆ ‘ವಿಫಲ’ ಎಂದು ಬರೆಯುವ ಎಪಿಐಗಳು ಈಗಲೂ ಹುಟ್ಟುತ್ತಿವೆ. ದಯವಿಟ್ಟು ಇನ್ನೊಂದನ್ನು ಸೇರಿಸಬೇಡಿ. ಲಾಗಿನ್ ಇಲ್ಲದಿದ್ದರೆ 401, ಲಾಗಿನ್ ಇದ್ದೂ ಹಕ್ಕಿಲ್ಲದಿದ್ದರೆ 403, ಪುಸ್ತಕವನ್ನು ಅಷ್ಟರಲ್ಲಿ ಬೇರೊಬ್ಬರು ಪಡೆದಿದ್ದರೆ 409. ಈ ವ್ಯತ್ಯಾಸವಿದ್ದರೆ ಮಾತ್ರ ಕ್ಲೈಂಟ್‌ಗೆ ಲಾಗಿನ್ ಪುಟ ತೋರಿಸಬೇಕೋ, ಬೇರೆ ಪುಸ್ತಕ ಆರಿಸಿ ಎನ್ನಬೇಕೋ ತಿಳಿಯುತ್ತದೆ. ದೋಷದ ಉತ್ತರದಲ್ಲಿ ಯಂತ್ರ ಓದುವ ಸ್ಥಿರ ಸಂಕೇತವೊಂದಿರಲಿ. ಮನುಷ್ಯರು ಓದುವ ವಾಕ್ಯವನ್ನು ಕ್ಲೈಂಟ್ ತನ್ನ ಭಾಷೆಯಲ್ಲಿ ತಾನೇ ಬರೆದುಕೊಳ್ಳಲಿ. ಫಾರ್ಮಿನ ಪರಿಶೀಲನೆಯನ್ನು ರಿಯಾಕ್ಟ್‌ನಲ್ಲಿ ಮಾಡುವುದು ಬಳಕೆದಾರರ ಅನುಕೂಲಕ್ಕೆ, ಸರ್ವರ್‌ನಲ್ಲಿ ಮಾಡುವುದು ರಕ್ಷಣೆಗೆ, ಆದ್ದರಿಂದ ಎರಡನೆಯದನ್ನು ಎಂದೂ ಕೈಬಿಡುವಂತಿಲ್ಲ. ಗುಂಡಿಯನ್ನು ಪರದೆಯಿಂದ ಮರೆಮಾಡಿದರೆ ಹಕ್ಕನ್ನು ತಡೆದಂತಾಗುವುದಿಲ್ಲ. ವಿಳಾಸದಲ್ಲಿನ ಸದಸ್ಯರ ಗುರುತುಸಂಖ್ಯೆಯನ್ನು ಒಂದರಿಂದ ಹೆಚ್ಚಿಸಿ ನೋಡುವ ಕುತೂಹಲಿ ಯಾವಾಗಲೂ ಒಬ್ಬನಿರುತ್ತಾನೆ.

ಮೊಬೈಲ್ ಆ್ಯಪ್ ಬಂದ ದಿನ ಈ ಒಪ್ಪಂದದ ತೂಕ ಹಲವು ಪಟ್ಟು ಹೆಚ್ಚುತ್ತದೆ. ವೆಬ್ ಪುಟವನ್ನು ನೀವು ಬದಲಿಸಿದರೆ ಮುಂದಿನ ಸಲ ತೆರೆದಾಗ ಎಲ್ಲರಿಗೂ ಹೊಸದು ಸಿಗುತ್ತದೆ. ಫೋನಿನಲ್ಲಿ ಕುಳಿತ ಆ್ಯಪ್ ಹಾಗಲ್ಲ. ಸ್ಟೋರಿನ ಪರಿಶೀಲನೆ ಮುಗಿಯಬೇಕು, ಬಳಕೆದಾರರು ನವೀಕರಿಸಬೇಕು, ಕೆಲವರು ನವೀಕರಿಸುವುದೇ ಇಲ್ಲ. ಹಿಂದೆ ನಾನು ಕೆಲಸ ಮಾಡುತ್ತಿದ್ದ ತಂಡದಲ್ಲಿ, ಉತ್ತರದ ಒಂದು ಕ್ಷೇತ್ರದ ಹೆಸರು ಚೆನ್ನಾಗಿಲ್ಲವೆಂದು ಸರ್ವರ್‌ನಲ್ಲೂ ವೆಬ್‌ನಲ್ಲೂ ಒಟ್ಟಿಗೆ ಬದಲಿಸಿದೆವು. ವೆಬ್‌ನಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಫೋನ್‌ಗಳಲ್ಲಿ ಆ್ಯಪ್ ತೆರೆದ ಕೂಡಲೇ ಮುಚ್ಚಿಕೊಳ್ಳತೊಡಗಿತು, ಏಕೆಂದರೆ ಇರಲೇಬೇಕೆಂದು ಅದು ನಂಬಿದ್ದ ಕ್ಷೇತ್ರ ಖಾಲಿಯಾಗಿ ಬಂದಿತ್ತು. ಹಳೆಯ ಹೆಸರನ್ನು ಮರಳಿ ತಂದೆವು. ಬಹಳ ಕಾಲದವರೆಗೆ ಎರಡು ಹೆಸರುಗಳೂ ಒಂದೇ ಉತ್ತರದಲ್ಲಿ ಅಕ್ಕಪಕ್ಕ ಬಾಳಿದವು.

ಅಂದಿನಿಂದ ನಾನು ಪಾಲಿಸುವ ಕ್ರಮ ಹೀಗಿದೆ. ಹೊಸ ಕ್ಷೇತ್ರ ಸೇರಿಸುವುದಕ್ಕೆ ಅಡ್ಡಿಯಿಲ್ಲ, ಇದ್ದದ್ದನ್ನು ತೆಗೆಯುವುದು ಅಥವಾ ಅದರ ಅರ್ಥವನ್ನು ಬದಲಿಸುವುದು ಕೂಡದು. ಬದಲಿಸಲೇಬೇಕಾದರೆ ಹೊಸದನ್ನು ಹಳೆಯದರ ಪಕ್ಕದಲ್ಲಿ ತಂದು, ಕ್ಲೈಂಟ್‌ಗಳೆಲ್ಲ ಹೊಸದಕ್ಕೆ ಸರಿದ ಮೇಲೆ ಹಳೆಯದನ್ನು ಕಳಚಬೇಕು. ಕ್ಲೈಂಟ್ ಕೂಡ ತನಗೆ ಗೊತ್ತಿಲ್ಲದ ಕ್ಷೇತ್ರ ಕಂಡರೆ ಸುಮ್ಮನೆ ಬಿಡಬೇಕು, ಗೊತ್ತಿಲ್ಲದ ಸ್ಥಿತಿಸಂಕೇತ ಬಂದರೆ ಕುಸಿಯದೆ ಸಾಮಾನ್ಯ ರೂಪದಲ್ಲಿ ತೋರಿಸಬೇಕು. ಆ್ಯಪ್ ಪ್ರತಿ ಕೋರಿಕೆಯಲ್ಲೂ ತನ್ನ ಆವೃತ್ತಿಯನ್ನು ಹೆಡರ್‌ನಲ್ಲಿ ತಿಳಿಸಲಿ, ತೀರಾ ಹಳತಾದರೆ ‘ನವೀಕರಿಸಿ’ ಎಂಬ ಪರದೆ ತೋರಿಸುವ ಏರ್ಪಾಡು ಮೊಟ್ಟಮೊದಲ ಆವೃತ್ತಿಯಲ್ಲೇ ಇರಲಿ. ಎರಡನೆಯ ಆವೃತ್ತಿಯಲ್ಲಿ ಸೇರಿಸಿದರೆ ಮೊದಲನೆಯದರಲ್ಲಿ ಉಳಿದವರಿಗೆ ಅದನ್ನು ತಲುಪಿಸಲು ದಾರಿಯಿಲ್ಲ.

ಫೋನಿನ ಜಾಲ ನಡುವೆ ಕಡಿಯುವುದು ಅಪವಾದವಲ್ಲ, ಅದೇ ರೂಢಿ. ಬಳಕೆದಾರರು ‘ಎರವಲು ಪಡೆ’ ಒತ್ತುತ್ತಾರೆ, ಕೋರಿಕೆ ಸರ್ವರ್ ತಲುಪಿ ದಾಖಲಾಗುತ್ತದೆ, ಉತ್ತರ ಹಿಂದಿರುಗುವ ಹೊತ್ತಿಗೆ ಜಾಲ ಹೋಗುತ್ತದೆ. ಆ್ಯಪ್‌ನ ದೃಷ್ಟಿಯಲ್ಲಿ ಕೆಲಸ ವಿಫಲ, ಸರ್ವರ್‌ನ ದೃಷ್ಟಿಯಲ್ಲಿ ಸಫಲ. ಮತ್ತೆ ಒತ್ತಿದರೆ ಎರಡು ದಾಖಲೆ. ಗೆಟ್, ಪುಟ್ ಮತ್ತು ಡಿಲೀಟ್‌ಗಳನ್ನು ಎಷ್ಟು ಸಲ ಕಳುಹಿಸಿದರೂ ಪರಿಣಾಮ ಒಂದೇ ಆಗಿರಬೇಕು ಎಂಬುದು ಎಚ್‌ಟಿಟಿಪಿಯ ನಿಯಮ, ಪೋಸ್ಟ್‌ಗೆ ಆ ಭರವಸೆ ಇಲ್ಲ. ಪರಿಹಾರವೆಂದರೆ ಗುಂಡಿ ಒತ್ತಿದ ಕ್ಷಣದಲ್ಲಿ ಆ್ಯಪ್ ಒಂದು ವಿಶಿಷ್ಟ ಗುರುತನ್ನು ಹುಟ್ಟಿಸಿ ಕೋರಿಕೆಯೊಡನೆ ಕಳುಹಿಸುವುದು, ಮರುಯತ್ನದಲ್ಲೂ ಅದನ್ನೇ ಕಳುಹಿಸುವುದು. ಸರ್ವರ್ ಆ ಗುರುತನ್ನು ಡೇಟಾಬೇಸಿನಲ್ಲಿ ಅನನ್ಯತೆಯ ನಿರ್ಬಂಧದೊಡನೆ ಉಳಿಸಿಕೊಂಡು, ಎರಡನೆಯ ಸಲ ಬಂದಾಗ ಹೊಸ ದಾಖಲೆ ಮಾಡದೆ ಮೊದಲಿನ ಉತ್ತರವನ್ನೇ ಮರಳಿ ಕೊಡುತ್ತದೆ. ಅನನ್ಯತೆಯನ್ನು ಕೋಡಿನಲ್ಲಿ ‘ಇದೆಯೇ’ ಎಂದು ನೋಡಿ ನಿರ್ಧರಿಸಬೇಡಿ. ಎರಡು ಕೋರಿಕೆಗಳು ಒಂದೇ ಗಳಿಗೆಯಲ್ಲಿ ಬಂದರೆ ಇಬ್ಬರಿಗೂ ‘ಇಲ್ಲ’ ಎಂಬ ಉತ್ತರವೇ ಸಿಗುತ್ತದೆ.

ಫ್ಲಟರ್ ಕಡೆಯ ಎರಡು ಸಣ್ಣ ಸಂಗತಿಗಳನ್ನು ಈಗಲೇ ಹೇಳಿಬಿಡುತ್ತೇನೆ, ನಿಮ್ಮ ಒಂದು ಸಂಜೆ ಉಳಿಯುತ್ತದೆ. ಆ್ಯಂಡ್ರಾಯ್ಡ್ ಎಮ್ಯುಲೇಟರ್‌ನೊಳಗೆ ‘ಲೋಕಲ್‌ಹೋಸ್ಟ್’ ಎಂದರೆ ಆ ಎಮ್ಯುಲೇಟರ್ ತಾನೇ; ನಿಮ್ಮ ಕಂಪ್ಯೂಟರ್‌ನಲ್ಲಿರುವ ಜಾಂಗೊವನ್ನು ತಲುಪಲು 10.0.2.2 ಎಂಬ ವಿಳಾಸ ಬಳಸಬೇಕು, ಮತ್ತು ಅದನ್ನು ಜಾಂಗೊದ ಅನುಮತಿಸಿದ ಹೋಸ್ಟ್‌ಗಳ ಪಟ್ಟಿಗೆ ಸೇರಿಸಬೇಕು. ಇನ್ನೊಂದು: ಪರೀಕ್ಷೆಯಲ್ಲಿ ಸರಿಯಿದ್ದ ಆ್ಯಪ್ ಬಿಡುಗಡೆಯ ಆವೃತ್ತಿಯಲ್ಲಿ ಮಾತ್ರ ಜಾಲವನ್ನೇ ಕಾಣದಿದ್ದರೆ, ಮುಖ್ಯ ಮ್ಯಾನಿಫೆಸ್ಟ್ ಕಡತದಲ್ಲಿ ಇಂಟರ್ನೆಟ್ ಅನುಮತಿ ಇದೆಯೇ ನೋಡಿ. ಫ್ಲಟರ್‌ನ ಅಚ್ಚು ಅದನ್ನು ಡೀಬಗ್ ಮತ್ತು ಪ್ರೊಫೈಲ್ ಕಡತಗಳಲ್ಲಿ ಮಾತ್ರ ಇಡುತ್ತದೆ.

ಕ್ಲೈಂಟ್ ತನಗೆ ಬೇಕಾದ ಕ್ಷೇತ್ರಗಳನ್ನೇ ಹೆಸರಿಸಿ ಕೇಳುವ ಗ್ರಾಫ್‌ಕ್ಯೂಎಲ್ ಬೇಡವೇ ಎಂದು ನಿಮಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಫೇಸ್‌ಬುಕ್ ಅದನ್ನು 2012ರಲ್ಲಿ ತನ್ನ ಮೊಬೈಲ್ ಆ್ಯಪ್‌ಗಾಗಿ ರೂಪಿಸಿ 2015ರಲ್ಲಿ ಹೊರಗೆ ಬಿಟ್ಟಿತು. ಹೆಣೆದುಕೊಂಡ ದತ್ತಾಂಶವನ್ನು ಹತ್ತಾರು ಬಗೆಯ ಪರದೆಗಳು ಹತ್ತಾರು ಬಗೆಯಲ್ಲಿ ಕೇಳುವ ಸ್ಥಿತಿಗೆ ಅದು ಉತ್ತರ. ನಿಮ್ಮಲ್ಲಿ ಪುಸ್ತಕ, ಸದಸ್ಯ, ಎರವಲು ಎಂಬ ಮೂರು ಸಂಗತಿಗಳಿವೆ. ಸಾಮಾನ್ಯ ರೆಸ್ಟ್ ಶೈಲಿಯ ವಿಳಾಸಗಳು ಸಾಕು. ಫೋನಿನ ಮುಖಪರದೆಗೆ ಮೂರು ಕೋರಿಕೆಗಳು ಬೇಕಾಗಿ ನಿಧಾನವಾಯಿತೆಂದರೆ ಆ ಪರದೆಗೆಂದೇ ಒಂದು ವಿಳಾಸ ಸೇರಿಸಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನೆಕ್ಸ್ಟ್ ಜೆಎಸ್‌ನಂಥ ಸರ್ವರ್ ಕಡೆಯ ರೆಂಡರಿಂಗ್ (ರಿಯಾಕ್ಟ್ ಪುಟವನ್ನು ಸರ್ವರ್‌ನಲ್ಲೇ ಸಿದ್ಧಪಡಿಸುವುದು) ಬಗ್ಗೆಯೂ ನನ್ನ ಧೋರಣೆ ಇದೇ: ಶೋಧಯಂತ್ರಗಳು ಓದಬೇಕಾದ ಸಾರ್ವಜನಿಕ ಪುಟಗಳು ಬಹಳವಿದ್ದರೆ ಅದು ಉಪಯುಕ್ತ, ಆದರೆ ಆಗ ಜಾಂಗೊ ಮತ್ತು ಬ್ರೌಸರ್ ನಡುವೆ ಇನ್ನೊಂದು ಸರ್ವರನ್ನು ನೋಡಿಕೊಳ್ಳುವ ಕೆಲಸ ಬರುತ್ತದೆ. ಲಾಗಿನ್ ಆದ ಮೇಲಷ್ಟೇ ಕಾಣುವ ಪುಟಗಳಿಗೆ ಅದು ವ್ಯರ್ಥ. ನಿರ್ವಾಹಕರ ಪುಟಗಳಿಗಂತೂ ರಿಯಾಕ್ಟ್ ಕೂಡ ಬೇಡ. ಜಾಂಗೊದ ಸಿದ್ಧ ಆಡಳಿತ ಪುಟಗಳನ್ನೇ ಬಳಸಿ.

ಬಳಕೆಗೆ ಬಿಡುವಾಗ ಸರ್ವರನ್ನು ಮೊದಲು, ರಿಯಾಕ್ಟ್ ಕಡತಗಳನ್ನು ಆಮೇಲೆ ಏರಿಸಿ. ಹೊಸ ಪುಟ ಹಳೆಯ ಎಪಿಐಯನ್ನು ಎದುರಿಸುವಂತಾಗಬಾರದು. ವೀಟ್ ಕಟ್ಟುವ ಕಡತಗಳ ಹೆಸರಿನಲ್ಲಿ ಒಳಗಿನ ವಿಷಯಕ್ಕೆ ತಕ್ಕ ಹ್ಯಾಶ್ ಇರುವುದರಿಂದ ಅವುಗಳನ್ನು ಬ್ರೌಸರ್ ಒಂದು ವರ್ಷ ಉಳಿಸಿಕೊಳ್ಳುವಂತೆ ಹೇಳಬಹುದು, ಆದರೆ ಮುಖ್ಯ ಎಚ್‌ಟಿಎಂಎಲ್ ಪುಟವನ್ನು ಪ್ರತಿ ಸಲವೂ ಸರ್ವರ್‌ನಲ್ಲಿ ವಿಚಾರಿಸಿಯೇ ಬಳಸಬೇಕು. ಹಿಂದಿನ ಸಲ ಕಟ್ಟಿದ ಕಡತಗಳನ್ನು ಕೆಲವು ದಿನ ಅಳಿಸದೆ ಉಳಿಸಿಕೊಳ್ಳಿ, ನಿನ್ನೆ ತೆರೆದ ಟ್ಯಾಬ್ ಇಂದು ಹಳೆಯ ಹೆಸರಿನ ಕಡತವೊಂದನ್ನು ಕೇಳುತ್ತದೆ.

ರೆಪಾಸಿಟರಿ ಒಂದೋ ಎರಡೋ ಎಂಬ ಪ್ರಶ್ನೆ ಉಳಿಯಿತು. ಬರೆಯುವವರು ನೀವೊಬ್ಬರೇ ಆಗಿರುವವರೆಗೆ ಒಂದೇ ಇರಲಿ: ಸರ್ವರ್, ವೆಬ್, ಆ್ಯಪ್ ಎಂಬ ಮೂರು ಫೋಲ್ಡರ್‌ಗಳು, ಅವುಗಳ ಮೇಲೆ ಓಪನ್‌ಎಪಿಐ ಕಡತ. ಒಪ್ಪಂದದ ಬದಲಾವಣೆ ಮತ್ತು ಅದಕ್ಕೆ ಹೊಂದಿಕೊಂಡ ಎಲ್ಲ ಕಡೆಯ ಕೋಡು ಒಂದೇ ಕಮಿಟ್‌ನಲ್ಲಿ ಬೀಳುವುದರಿಂದ, ಮೂರು ತಿಂಗಳ ನಂತರ ‘ಇದು ಯಾಕೆ ಬದಲಾಯಿತು’ ಎಂಬುದಕ್ಕೆ ಉತ್ತರ ಒಂದೇ ಕಡೆ ಸಿಗುತ್ತದೆ. ಬೇರೆ ತಂಡವೊಂದು ಆ್ಯಪನ್ನು ವಹಿಸಿಕೊಂಡ ದಿನ ಅದನ್ನು ಬೇರ್ಪಡಿಸಿ. ಒಪ್ಪಂದದ ಕಡತವನ್ನು ಮಾತ್ರ ಸರ್ವರ್‌ನ ರೆಪಾಸಿಟರಿಯಲ್ಲೇ ಉಳಿಸಿ, ಆ್ಯಪ್ ಅದರ ಯಾವ ಆವೃತ್ತಿಗೆ ಕಟ್ಟಲ್ಪಟ್ಟಿದೆ ಎಂಬುದನ್ನು ಆ್ಯಪ್‌ನ ರೆಪಾಸಿಟರಿಯಲ್ಲಿ ಬರೆದಿಡಿ. ಸದ್ಯಕ್ಕೆ, ಲಾಗಿನ್ ಆದ ಸದಸ್ಯರು ಒಂದು ಪುಸ್ತಕವನ್ನು ಎರವಲು ಪಡೆಯುವ ಒಂದೇ ಒಂದು ಕಾರ್ಯವನ್ನು ಡೇಟಾಬೇಸಿನಿಂದ ಬ್ರೌಸರ್‌ವರೆಗೂ, ನಿಜವಾದ ಸರ್ವರ್‌ನಲ್ಲಿ, ಪ್ರಾಕ್ಸಿ ಮತ್ತು ಎಚ್‌ಟಿಟಿಪಿಎಸ್ ಸಹಿತ ಓಡಿಸಿ ನೋಡಿ. ಅದು ಓಡಿದ ಮೇಲೆ ಎರಡನೆಯ ಪುಟ ಬರೆಯಿರಿ.